"ಆಸೆ ಇತ್ತು" ಎಂದು ಬರೆಯುವ ಅಂತಿಮ ವರ್ಷದವರು: ವೃತ್ತಿಯ ಅಡ್ಡಿಗಳಲ್ಲಿ ಎಷ್ಟು ನಿಜ, ಎಷ್ಟು ಅನಿಸಿಕೆ?

ಕೆಂಪು ಶಾಯಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷಗಳಿಂದ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿ. "ಉದ್ಯೋಗ ಮಾಹಿತಿ ಘಟಕ" ಎಂದು ಚೀಟಿ ಅಂಟಿಸಿರುವ ಬೀರುವಿನ ಕೀಲಿಯೂ ನನ್ನ ಬಳಿಯೇ ಇದೆ. ಬೀರುವಿನೊಳಗೆ ಏನಿದೆ ಎಂದು ದಯವಿಟ್ಟು ಕೇಳಬೇಡಿ.

ಹೋದ ವಾರ ಬಿ.ಕಾಂ. ಅಂತಿಮ ವರ್ಷದವರಿಗೆ ಜಿಎಸ್‌ಟಿ ಪಾಠ ಮುಗಿದು ಹತ್ತು ನಿಮಿಷ ಉಳಿಯಿತು. ಹಾಳೆ ಹರಿದು ಎಲ್ಲರಿಗೂ ಒಂದೊಂದು ಚೂರು ಹಂಚಿದೆ. ಹೆಸರು ಬೇಡ, ಏನಾಗಬೇಕೆಂದಿದ್ದೀರಿ, ಅದಕ್ಕೆ ಅಡ್ಡ ಬರುವುದೇನು, ಎರಡೇ ಸಾಲು ಬರೆಯಿರಿ ಎಂದೆ. ಇಂಗ್ಲಿಷ್ ಬರುವುದಿಲ್ಲ, ದುಡ್ಡಿಲ್ಲ, ವಶೀಲಿ ಇಲ್ಲ, ಮನೆಯಲ್ಲಿ ಒಪ್ಪುವುದಿಲ್ಲ. ಇವು ಬಂದೇ ಬರುತ್ತವೆ ಎಂದು ಗೊತ್ತಿತ್ತು, ಬಂದವು. ಒಬ್ಬ ಅಡ್ಡಿಯ ಜಾಗದಲ್ಲಿ "ನಾನೇ" ಎಂದಷ್ಟೇ ಬರೆದಿದ್ದ. ನಕ್ಕು ಪಕ್ಕಕ್ಕಿಟ್ಟೆ. ರಾತ್ರಿ ಮತ್ತೆ ತೆಗೆದು ನೋಡಿದೆ, ನಗು ಬರಲಿಲ್ಲ.

ನಿದ್ದೆ ಕೆಡಿಸಿದ್ದು ಇನ್ನೊಂದು ಚೀಟಿ. "ಸಿ.ಎ. ಮಾಡುವ ಆಸೆ ಇತ್ತು. ಇಂಗ್ಲಿಷ್, ದುಡ್ಡು, ಅಪ್ಪ." ಹೆಸರಿಲ್ಲದಿದ್ದರೂ ಯಾರದೆಂದು ಗೊತ್ತಾಯಿತು. ಅಂಗೈಯಷ್ಟು ಅಗಲದ ಆ ಚೂರಿಗೂ ಸ್ಕೇಲಿಟ್ಟು ಮಾರ್ಜಿನ್ ಎಳೆಯುವವಳು ತರಗತಿಯಲ್ಲಿ ಒಬ್ಬಳೇ. ಅವಳ ಜರ್ನಲ್ ನಮೂದುಗಳಲ್ಲಿ ಒಂದು ಚಿತ್ತು ಹುಡುಕಿ ತೋರಿಸಿದವರಿಗೆ ಬೆಣ್ಣೆದೋಸೆ ಕೊಡಿಸುತ್ತೇನೆ.

ನನ್ನನ್ನು ಕಾಡಿದ್ದು ಆ "ಇತ್ತು". ಇಪ್ಪತ್ತು ವರ್ಷದ ಹುಡುಗಿ. ಸಿ.ಎ. ಪರೀಕ್ಷೆಗೆ ಕೂತಿಲ್ಲ, ನಪಾಸಾಗಿಲ್ಲ, ಅರ್ಜಿಯನ್ನೂ ಹಾಕಿಲ್ಲ. ಮಾರನೆಯ ದಿನ ಹೇಗೋ ಮಾತು ತೆಗೆದು ವಿಚಾರಿಸಿದರೆ, ಆ ಬಗ್ಗೆ ಯಾರನ್ನೂ ಕೇಳಿಯೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ನಗುತ್ತೇವೆ. ಇವಳು ಕೂಸು ಹುಟ್ಟುವ ಮುಂಚೆಯೇ ಕುಲಾವಿಯನ್ನು ಹಳೆ ಬಟ್ಟೆಯವನಿಗೆ ಹಾಕಿಬಿಟ್ಟಿದ್ದಾಳೆ.

ಬಲ್ಲವರು ಹೇಳಿ. ಎಡವಿ ಬೀಳುವ ಕಲ್ಲು ಬೇರೆ, ದೂರದಿಂದಲೇ ಕಂಡು ದಾರಿ ಬಿಡಿಸುವ ಕಲ್ಲು ಬೇರೆ ಅಲ್ಲವೇ? ಎರಡನೆಯದಕ್ಕೆ ಒಬ್ಬ ಮೇಷ್ಟರು ಏನು ಮಾಡಬಹುದು? ಆತ್ಮವಿಶ್ವಾಸದ ಭಾಷಣ ಬೇಡ. ಅದಕ್ಕೆಂದೇ ವರ್ಷಕ್ಕೊಮ್ಮೆ ಒಬ್ಬರು ಬರುತ್ತಾರೆ, ಶಾಲು ಹೊದಿಸಿ ಕಳಿಸುತ್ತೇವೆ.

ಜಗಳೂರು ಶೇಂಗಾ

ಮೇಡಂ, ಬೇಸರ ಮಾಡಿಕೊಳ್ಳಬೇಡಿ. "ಅನಿಸಿಕೆ" ಎಂಬ ಮಾತು ನೋಡಿಯೇ ನನಗೆ ಮೈ ಉರಿಯಿತು. ನಾನು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಜಗಳೂರಿನಿಂದ ಇನ್ನೂ ಒಳಗೆ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ, ಬಾರದಿದ್ದರೆ ಸಾಲ. ಮೊದಲ ಬಸ್ಸು ತಪ್ಪಿದರೆ ಮೊದಲ ತರಗತಿಯೂ ತಪ್ಪುತ್ತದೆ. ಪ್ರಾಕ್ಟಿಕಲ್ ಇರುವ ದಿನ ಸಂಜೆ ಕೊನೆಯ ಬಸ್ಸಿಗಾಗಿ ಅರ್ಧದಲ್ಲೇ ಎದ್ದು ಬರಬೇಕು. ಟೈಟ್ರೇಶನ್ ಮಾಡುತ್ತಾ ಬ್ಯುರೆಟ್ಟಿನ ಅಂಕೆ ನೋಡಬೇಕೋ ಗೋಡೆಯ ಗಡಿಯಾರ ನೋಡಬೇಕೋ ಹೇಳಿ.

ಇದೆಲ್ಲ ಅನಿಸಿಕೆಯೇ? ಕಣ್ಣು ಮುಚ್ಚಿ ತೆರೆದರೆ ಬಸ್ಸು ಬಂದು ನಿಲ್ಲುತ್ತದೆಯೇ? ಕ್ಯಾಂಪಸ್ ಸಂದರ್ಶನಕ್ಕೆ ಒಂದು ಕಂಪನಿಯವರು ಬಂದಿದ್ದರು. "ನಿಮ್ಮ ಬಗ್ಗೆ ಹೇಳಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕನ್ನಡದಲ್ಲಿದೆ. ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ, ಎರಡನೆಯದಕ್ಕೇ ಅವರು ಕೈ ಗಡಿಯಾರ ನೋಡಿದರು.

ಬಡವರ ಮಕ್ಕಳ ಎದುರಿಗಿರುವ ಗೋಡೆಗೆ "ಗ್ರಹಿಸಿದ ಗೋಡೆ" ಎಂದು ಹೆಸರಿಟ್ಟರೆ, ಅದನ್ನು ಕಟ್ಟಿದವರಿಗೆ ಬಹಳ ಅನುಕೂಲ. ಅಷ್ಟೇ ನನ್ನ ತಕರಾರು.

ಹಳೆ ಪುಸ್ತಕ

ಶೇಂಗಾ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ "ಗ್ರಹಿಸಿದ" ಎಂಬ ಪದಕ್ಕೆ ಅವರು ತಿಳಿದ ಅರ್ಥವಿಲ್ಲ. ನಾನು ಮನಶ್ಶಾಸ್ತ್ರ ಓದಿದವನು, ಈಗ ಜಾಹೀರಾತು ಫಲಕಗಳ ವ್ಯಾಪಾರ ಮಾಡುತ್ತೇನೆ. ಆ ಕಥೆ ಇನ್ನೊಮ್ಮೆ.

ಮೇಡಂ, ನೀವು ಚೀಟಿ ಹಂಚಿದಿರಲ್ಲ, ಹೆಚ್ಚುಕಡಿಮೆ ಅದೇ ಕೆಲಸವನ್ನು ಅಮೆರಿಕದಲ್ಲಿ ಜೇನ್ ಸ್ವಾನ್ಸನ್ ಮತ್ತು ಡೇವಿಡ್ ಟೋಕರ್ 1991ರಲ್ಲಿ ಮಾಡಿದರು. ಕಾಲೇಜು ವಿದ್ಯಾರ್ಥಿಗಳ ಮುಂದೆ ಅಡ್ಡಿಗಳ ಸಿದ್ಧ ಪಟ್ಟಿ ಇಡಲಿಲ್ಲ, ಮನಸ್ಸಿಗೆ ತೋಚಿದ್ದನ್ನು ನೀವೇ ಬರೆಯಿರಿ ಎಂದರು. ಆಮೇಲೆ ಇಂಥ ಉತ್ತರಗಳಿಂದಲೇ ಅಳತೆಯ ಪ್ರಶ್ನಾವಳಿ ಬೆಳೆಯಿತು. ಅದರಲ್ಲಿ ಲಿಂಗ ತಾರತಮ್ಯವಿದೆ, ಆತ್ಮವಿಶ್ವಾಸದ ಕೊರತೆಯಿದೆ, ಮನೆ ಮತ್ತು ಕೆಲಸದ ನಡುವಿನ ಎಳೆದಾಟವಿದೆ, ಹತ್ತಿರದವರು ಒಪ್ಪದಿರುವುದೂ ಇದೆ. ಅಂದರೆ ಒಳಗಿನ ಅಡ್ಡಿ ಹೊರಗಿನ ಅಡ್ಡಿ ಎರಡೂ ಸೇರಿವೆ. "ಗ್ರಹಿಸಿದ" ಎಂದರೆ ಸುಳ್ಳು ಎಂದಲ್ಲ. ನಿಜವಿರಲಿ, ಉತ್ಪ್ರೇಕ್ಷೆಯಿರಲಿ, ವ್ಯಕ್ತಿಯ ಲೆಕ್ಕಕ್ಕೆ ಬಂದದ್ದು ಎಂದಷ್ಟೇ ಅರ್ಥ.

ಲೆಕ್ಕಕ್ಕೆ ಬಂದದ್ದು ಏನು ಮಾಡುತ್ತದೆ ಎಂಬುದಕ್ಕೆ ರಾಬರ್ಟ್ ಲೆಂಟ್, ಸ್ಟೀವನ್ ಬ್ರೌನ್, ಗೇಲ್ ಹ್ಯಾಕೆಟ್ 1994ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬ್ಯಾಂಡುರಾ ಹೇಳಿದ "ಇದು ನನ್ನ ಕೈಲಾಗುತ್ತದೆ" ಎಂಬ ನಂಬಿಕೆಯೇ ಅದರ ಬೇರು. ಆ ನಂಬಿಕೆಯಿಂದ ಆಸಕ್ತಿ, ಆಸಕ್ತಿಯಿಂದ ಗುರಿ, ಗುರಿಯಿಂದ ಕೆಲಸ. ಈ ಸರಪಣಿಯಲ್ಲಿ ಅಡ್ಡಿ ಎರಡು ಕಡೆ ಕಚ್ಚುತ್ತದೆ. ಬಾಲ್ಯದಲ್ಲೇ ಕಚ್ಚಿದರೆ ಅನುಭವವೇ ಸಿಗದೆ ನಂಬಿಕೆ ಕುಡಿಯೊಡೆಯುವುದಿಲ್ಲ. ಆಯ್ಕೆಯ ಹೊತ್ತಿನಲ್ಲಿ ಕಚ್ಚಿದರೆ ಆಸಕ್ತಿ ಇದ್ದೂ ಗುರಿಯಾಗುವುದಿಲ್ಲ, ಗುರಿಯಿದ್ದೂ ಅರ್ಜಿಯಾಗುವುದಿಲ್ಲ. ಸ್ಕೇಲಿನ ಹುಡುಗಿಗೆ ಕಚ್ಚಿರುವುದು ಎರಡನೆಯ ಕಡೆ. ಅವಳಿಗೆ ಲೆಕ್ಕ ಬರುತ್ತದೆ, ಬರುತ್ತದೆ ಎಂಬುದು ಅವಳಿಗೂ ಗೊತ್ತು.

ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಹೇಳಿದ್ದು ಇನ್ನೂ ಕಹಿ. ಮಕ್ಕಳು ಆರೆಂಟು ವರ್ಷಕ್ಕೇ "ಇದು ಗಂಡಸರ ಕೆಲಸ, ಇದು ಹೆಂಗಸರದು" ಎಂದು ಒಂದಷ್ಟು ವೃತ್ತಿಗಳನ್ನು ಕಿತ್ತು ಹಾಕುತ್ತಾರೆ. ಒಂಬತ್ತರಿಂದ ಹದಿಮೂರರೊಳಗೆ "ಇದು ನಮ್ಮಂಥವರಿಗಲ್ಲ" ಎಂದು ಇನ್ನಷ್ಟನ್ನು. ಉಳಿದವುಗಳಲ್ಲಿ ಎಟುಕುವುದು ಯಾವುದು ಎಂದು ನೋಡಿ ರಾಜಿಯಾಗುತ್ತಾರೆ. ಡೊನಾಲ್ಡ್ ಸೂಪರ್ ಪ್ರಕಾರ ಹದಿನೈದರಿಂದ ಇಪ್ಪತ್ತನಾಲ್ಕು ಹುಡುಕಾಟದ ವಯಸ್ಸು. ನಮ್ಮಲ್ಲಿ ಹುಡುಕಾಟ ಶುರುವಾಗುವ ಮುಂಚೆ ಬುಟ್ಟಿಯೇ ಅರ್ಧ ಖಾಲಿ.

ಜಗಳೂರು ಶೇಂಗಾ

ಆ ಪ್ರಶ್ನಾವಳಿಯಲ್ಲಿ ಕೊನೆಯ ಬಸ್ಸು ಇದೆಯೇ ಅಣ್ಣ?

ಹಳೆ ಪುಸ್ತಕ

ಇಲ್ಲ ತಮ್ಮ. ನೀನು ಹೇಳಿದ್ದು ಸರಿ.

ಮಿಲ್ಲಿನ ಸೈರನ್

ನನಗೆ ಎಪ್ಪತ್ತನಾಲ್ಕು. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ, ತಪ್ಪಿದ್ದರೆ ಅವಳದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ನಾನು ಮಿಲ್ಲಿಗೆ ಸೇರಿದೆ. ಸ್ಪಿನ್ನಿಂಗ್ ವಿಭಾಗ. ಮನೆಗೆ ಹೋದ ಮೇಲೂ ಕಿವಿಯಲ್ಲಿ ಯಂತ್ರ ಓಡುತ್ತಿತ್ತು, ಹುಬ್ಬಿನ ಮೇಲೆ ಹತ್ತಿಯ ಧೂಳು. ಆಗ ವೃತ್ತಿಯ ಆಯ್ಕೆ ಎಂಬ ಮಾತೇ ಇರಲಿಲ್ಲ. ಸೈರನ್ ಕೂಗಿದರೆ ಅಪ್ಪ ಎದ್ದು ಹೋಗುತ್ತಿದ್ದ, ಆಮೇಲೆ ನಾನು ಎದ್ದು ಹೋದೆ. ಮಿಲ್ಲು ಮುಚ್ಚಿದ ಮೇಲೂ ಎಷ್ಟೋ ದಿನ ಆ ಹೊತ್ತಿಗೆ ಎಚ್ಚರವಾಗುತ್ತಿತ್ತು.

ಈಗಿನ ಮಕ್ಕಳಿಗೆ ಅಡ್ಡಿ ಬಹಳ, ನಮಗೆ ಅಡ್ಡಿಯೇ ಇರಲಿಲ್ಲ ಎಂದು ಬರೆಸಲು ಕೂತಿದ್ದೆ. ಮೊಮ್ಮಗಳು ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸಿದಳು. ನಮ್ಮ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1951ರಲ್ಲಿ. ಈಗ ಯುಬಿಡಿಟಿ ಎನ್ನುತ್ತಾರಲ್ಲ, ಹದಡಿ ರಸ್ತೆಯದು. ಅದರ ಗೇಟಿನ ಮುಂದೆ ಸೈಕಲ್ಲಿನಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. "ಅಜ್ಜ, ಒಳಗೆ ಹೋಗಿ ಓದಬೇಕು ಅಂತ ಒಂದು ಸಲವೂ ಅನಿಸಲಿಲ್ಲವಾ?" ಎಂದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕವೇ ಬಂದಿದ್ದವು. ಅನಿಸಲಿಲ್ಲ. ಅದು ಯಾರಿಗೋ ಕಟ್ಟಿದ ಕಟ್ಟಡ ಎಂದುಕೊಂಡು ಪೆಡಲ್ ತುಳಿದೆ.

ಆ ಕಾಲದಲ್ಲಿ ಈ ಮೇಡಂ ನನಗೆ ಚೀಟಿ ಕೊಟ್ಟಿದ್ದರೆ ಅಡ್ಡಿಯ ಜಾಗದಲ್ಲಿ ಏನೂ ಬರೆಯುತ್ತಿರಲಿಲ್ಲ. ಆ ಹುಡುಗಿ ಮೂರು ಅಡ್ಡಿ ಬರೆದಿದ್ದಾಳೆ ಎಂದರೆ ಅವಳು ಗೇಟಿನೊಳಗೆ ಇಣುಕಿಯಾದರೂ ನೋಡಿದ್ದಾಳೆ.

ಉಚ್ಚಂಗಿ ಗುಡ್ಡ

ಅಜ್ಜನ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಾನು ಹರಪನಹಳ್ಳಿ ತಾಲ್ಲೂಕಿನವಳು, ದಾವಣಗೆರೆಯಲ್ಲೇ ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ನಮ್ಮ ತಾಲ್ಲೂಕಿನ ಕಥೆ ಗೊತ್ತಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ಬಿಡಿಸಿ ಇತ್ತ ಸೇರಿಸಿದರು. ಆಮೇಲೆ ಕಲಬುರಗಿ, ಬಳ್ಳಾರಿ ಕಡೆಯ ಜಿಲ್ಲೆಗಳಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಬಳ್ಳಾರಿ ಜಿಲ್ಲೆಗೆ ಸಿಕ್ಕ ಮೀಸಲಾತಿ ನಮಗೆ ಸಿಗಲಿಲ್ಲ. ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಹೋದೆವು, ಈಗ ವಿಜಯನಗರ ಜಿಲ್ಲೆ.

ಅಡ್ಡಿ ಕಾಗದದ ಮೇಲೆ ಹೋಯಿತು. ನಮ್ಮ ಮನೆಯಲ್ಲಿ ಹೋಗಲಿಲ್ಲ. "ಅದೆಲ್ಲ ಕಲಬುರಗಿ ಕಡೆಯವರಿಗೆ, ನಮಗೆಲ್ಲಿ" ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಒಂದು ನೇಮಕಾತಿಯಲ್ಲಿ ಆ ಮೀಸಲಾತಿ ಕೇಳುವ ಕಲಮಿನಲ್ಲಿ "ಇಲ್ಲ" ಎಂದು ತುಂಬಿ ಅರ್ಜಿ ಕಳಿಸಿಯೂ ಬಿಟ್ಟೆ. ಪ್ರಮಾಣಪತ್ರಕ್ಕೆ ನಾನೂ ಅರ್ಹಳು ಎಂದು ಹೇಳಿದ್ದು ಹಾಸ್ಟೆಲ್ಲಿನ ಕೋಣೆಯ ಗೆಳತಿ, ಅರ್ಜಿಯ ಕೊನೆಯ ದಿನ ಕಳೆದ ಮೇಲೆ. ಎತ್ತಿಟ್ಟ ಕಲ್ಲನ್ನೂ ಸುತ್ತಿಕೊಂಡೇ ಹೋಗುವ ಕಾಲು ನಮ್ಮದು.

ಇನ್ನು ಮನೆಯವರ ವಿಷಯ. ನಮ್ಮ ಮನೆಯಲ್ಲಿ "ಓದಬೇಡ" ಎಂದು ಯಾರೂ ಹೇಳಲಿಲ್ಲ. "ಬಿ.ಎಡ್. ಮಾಡು, ಮನೆ ಹತ್ತಿರ ಕೆಲಸ ಸಿಕ್ಕರೆ ಒಳ್ಳೆಯದು. ಬ್ಯಾಂಕ್ ಬೇಡ, ವರ್ಗಾವಣೆ ಇರುತ್ತದೆ" ಎಂದರು. ಯಾರ ಮನೆಯ ಹತ್ತಿರ ಎಂದು ಕೇಳಿದೆ. ಉತ್ತರ ಬರಲಿಲ್ಲ, ಆ ಮನೆ ಇನ್ನೂ ಗೊತ್ತಾಗಿರಲಿಲ್ಲ. ಬರುವ ಗಂಡ ಯಾವ ಊರಿನವನೋ ತಿಳಿಯದೆ ಅವನ ಊರಿಗೆ ಹತ್ತಿರವಾದ ಕೆಲಸ ಹುಡುಕುವುದು ಎಂಥ ಲೆಕ್ಕ? ಇದನ್ನು ಬಿಡಿಸಲು ಸಿ.ಎ. ಓದಿದರೂ ಆಗದು.

ಹಳೆ ಪುಸ್ತಕ

ತಂಗಿ, ನಿಮ್ಮ ಮಾತಿಗೆ ಒಂದು ಹಳೆಯ ಸಾಕ್ಷಿ ಇದೆ. ನ್ಯಾನ್ಸಿ ಬೆಟ್ಸ್ ಮತ್ತು ಗೇಲ್ ಹ್ಯಾಕೆಟ್ 1981ರಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಬೇರೆ ಬೇರೆ ವೃತ್ತಿಗಳ ಬಗ್ಗೆ "ನಿಮ್ಮಿಂದ ಆಗುತ್ತದೆಯೇ" ಎಂದು ಕೇಳಿದರು. ಹುಡುಗರು ಎರಡೂ ಬಗೆಯ ಕೆಲಸಗಳಿಗೆ ಹೆಚ್ಚುಕಡಿಮೆ ಒಂದೇ ಸಮನೆ ತಲೆಯಾಡಿಸಿದರು. ಹುಡುಗಿಯರು ರೂಢಿಯಲ್ಲಿ ಹೆಂಗಸರದೆನಿಸಿದ ಕೆಲಸಗಳಿಗೆ ಧೈರ್ಯವಾಗಿಯೂ ಗಂಡಸರದೆನಿಸಿದ ಕೆಲಸಗಳಿಗೆ ಅಳುಕಿಯೂ ಉತ್ತರಿಸಿದರು. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಇಬ್ಬರ ನಡುವೆ ಅಂಥ ಅಂತರ ಇರಲಿಲ್ಲ.

ಭಟ್ಟಿ ಯಜಮಾನ

ಎಲ್ಲರೂ ಓದಿದವರು, ನಾನು ಮಂಡಕ್ಕಿ ಭಟ್ಟಿಯವನು. ಆ ಚೀಟಿಯಲ್ಲಿ ಮೂರನೆಯ ಅಡ್ಡಿ "ಅಪ್ಪ" ಎಂದಿದೆ. ಇಂಗ್ಲಿಷಿನ ಬಗ್ಗೆ ಮಾತಾಡಿದಿರಿ, ದುಡ್ಡಿನ ಬಗ್ಗೆ ಮಾತಾಡಿದಿರಿ. ಆ ಅಪ್ಪನನ್ನು ಯಾರಾದರೂ ಒಂದು ಮಾತು ಕೇಳಿದಿರಾ?

ಭಟ್ಟಿಯ ಕೆಲಸ ನೋಡಿಲ್ಲದವರಿಗೆ ಹೇಳುತ್ತೇನೆ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದು ಕ್ಷಣ ತಡವಾದರೆ ಕಪ್ಪು, ಮೊದಲೇ ತೆಗೆದರೆ ಗಟ್ಟಿ. ಬೇಸಿಗೆಯಲ್ಲಿ ಒಳಗೆ ಹೋದರೆ ಬಟ್ಟೆ ಹಿಂಡುವಷ್ಟು ಬೆವರು. ನಾನು ಇದನ್ನು ನನ್ನ ಮಗನಿಗೆ ಬಯಸುತ್ತೇನೆಯೇ? ಆದರೂ ಅವನು ಪದವಿ ಮುಗಿಸುವವರೆಗೂ ಅಪ್ಪ ಭಟ್ಟಿಗೇ ಕೂರಿಸುತ್ತಾನೆ ಎಂದೇ ನಂಬಿದ್ದ. ನಾನು ಅವನು ಭಟ್ಟಿಗೇ ಬರುತ್ತಾನೆ, ಬೇರೆ ಆಸೆ ಇಲ್ಲ ಎಂದು ನಂಬಿದ್ದೆ. ಒಂದೇ ಮನೆಯಲ್ಲಿ ಎರಡು ವರ್ಷ ಇಬ್ಬರೂ ಈ ವಿಷಯ ಎತ್ತಲಿಲ್ಲ. ಕೊನೆಗೆ ಅವನಿಗೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನ ಓದುವ ಮನಸ್ಸಿದೆ ಎಂದು ನನಗೆ ತಿಳಿದದ್ದು ನನ್ನ ಭಾವಮೈದುನನಿಂದ. ಅದೂ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ.

ಕೋಪ ಬಂದದ್ದು ನಿಜ. ಓದುತ್ತೇನೆ ಎಂದದ್ದಕ್ಕಲ್ಲ, ನನ್ನನ್ನು ಕೇಳದೆ ನನ್ನ ಉತ್ತರವನ್ನು ಅವನೇ ಬರೆದುಕೊಂಡದ್ದಕ್ಕೆ. ಹಗ್ಗವೋ ಹಾವೋ ಎಂದು ದೀಪ ಹಿಡಿದು ನೋಡಬೇಕು.

ಜಗಳೂರು ಶೇಂಗಾ

ಯಜಮಾನರೇ, ನಿಮ್ಮ ಮಗ ಪುಣ್ಯವಂತ, ಹಗ್ಗ ಸಿಕ್ಕಿತು. ನಮ್ಮ ಹೊಲದಲ್ಲಿ ಹಾವುಗಳೂ ಇವೆ. ನನ್ನ ಅಪ್ಪನನ್ನು ನಾನು ಕೇಳಿದೆ. ಪಿಎಚ್‌.ಡಿ. ಎಂದರೆ ಎಷ್ಟು ವರ್ಷ, ಅಷ್ಟರಲ್ಲಿ ಬಡ್ಡಿ ಎಷ್ಟಾಗುತ್ತದೆ ಎಂದು ಬೆರಳು ಮಡಚಿ ಎಣಿಸಿದರು. ಆ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಭಟ್ಟಿ ಯಜಮಾನ

ಒಪ್ಪಿದೆ ತಮ್ಮ. ಆದರೆ ಕೇಳಿದೆಯಲ್ಲ.

ಮೂಲೆ ಟೇಬಲ್

ಬಹಳ ಹೊತ್ತಿನಿಂದ ಸುಮ್ಮನೆ ಓದುತ್ತಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಐದು ವರ್ಷದಿಂದ ಒಂದು ಗ್ರಂಥಾಲಯದ ಮೂಲೆಯ ಟೇಬಲ್ ನನ್ನದು. ಫ್ಯಾನಿನ ಕೆಳಗಿನ ಜಾಗ ಹಿಡಿಯಲು ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ಎಸ್‌ಡಿಎ, ಎಫ್‌ಡಿಎ, ಪಿಡಿಒ, ಪಿಎಸ್‌ಐ, ಎಲ್ಲಕ್ಕೂ ಅರ್ಜಿ.

ನನ್ನ ಅಡ್ಡಿ ಸುಳ್ಳೆಂದು ಯಾರೂ ಹೇಳಲಾರರು. 545 ಹುದ್ದೆಗಳ ಪಿಎಸ್‌ಐ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಬಂದದ್ದು 2024ರ ಜನವರಿಯಲ್ಲಿ. ಓಡಿ ಓಡಿ ಗಟ್ಟಿ ಮಾಡಿಕೊಂಡ ಕಾಲು ಅಷ್ಟರಲ್ಲಿ ಕುರ್ಚಿಗೆ ಒಗ್ಗಿತ್ತು. ಅದಾದ ಮೇಲೆ ಒಳಮೀಸಲಾತಿ ತೀರ್ಮಾನವಾಗಲಿ ಎಂದು ಹೊಸ ಅಧಿಸೂಚನೆಗಳು ನಿಂತವು. ಬೇಡಿಕೆ ನ್ಯಾಯದ್ದೇ, ಆದರೂ ವಯಸ್ಸು ನಿಲ್ಲುವುದಿಲ್ಲವಲ್ಲ. ಇದನ್ನೆಲ್ಲ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಯಾರೇ "ಏನು ಮಾಡುತ್ತಿದ್ದೀಯ" ಎಂದರೂ ಇದನ್ನೇ ಒಪ್ಪಿಸುತ್ತೇನೆ.

ಈಗ ಯಾರ ಮುಂದೆಯೂ ಹೇಳದ ಒಂದು ಮಾತು. ಹೋದ ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕಿಗನ ಕೆಲಸ ಇದೆ, ಬರುತ್ತೀಯಾ ಎಂದು ಸಂಬಂಧಿಕರೊಬ್ಬರು ಕೇಳಿದರು. ಸಂಬಳ ಕಡಿಮೆ, ಆದರೆ ಕೆಲಸ ಕೆಲಸವೇ. "ಅಧಿಸೂಚನೆ ಬರುವುದರಲ್ಲಿದೆ" ಎಂದು ಹೇಳಿ ತಪ್ಪಿಸಿಕೊಂಡೆ. ಬರುವುದರಲ್ಲಿ ಇರಲಿಲ್ಲ, ನನಗೆ ಗೊತ್ತಿತ್ತು. ಅಧಿಸೂಚನೆ ಬರಲಿಲ್ಲ ಎಂಬ ಅಡ್ಡಿ ಇರುವವರೆಗೆ ನಾನು ಸೋತವನಲ್ಲ, ಕಾಯುತ್ತಿರುವವನು. ಪರೀಕ್ಷೆ ಬಂದು ನಪಾಸಾದರೆ ಏನು ಹೇಳಲಿ? ಮೊದಮೊದಲು ನನ್ನನ್ನು ತಡೆದ ಗೋಡೆಯ ನೆರಳಿನಲ್ಲೇ ಈಗ ಚಾಪೆ ಹಾಸಿಕೊಂಡಿದ್ದೇನೆ.

"ನಾನೇ" ಎಂದು ಬರೆದ ಆ ಹುಡುಗನ ಚೀಟಿಯನ್ನು ಮೇಡಂ ದಯವಿಟ್ಟು ಎಸೆಯಬೇಡಿ. ನಾನು ಅಂತಿಮ ವರ್ಷದಲ್ಲಿ ಹಾಗೆ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಉಚ್ಚಂಗಿ ಗುಡ್ಡ

ಅಣ್ಣ, ಇದನ್ನು ಬರೆಯಲು ಬೇಕಾದ ಧೈರ್ಯ ಪಿಎಸ್‌ಐ ಓಟಕ್ಕೂ ಬೇಕಾಗಿಲ್ಲ. ಆ ಸಹಕಾರ ಸಂಘದ ಜಾಗ ತುಂಬಿತೇ?

ಮೂಲೆ ಟೇಬಲ್

ತುಂಬಿತು.

ಹಳೆ ಪುಸ್ತಕ

ಮೇಡಂ ಕೇಳಿದ ಪ್ರಶ್ನೆಗೆ ನಾವು ಯಾರೂ ಉತ್ತರ ಕೊಟ್ಟಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ.

ಅಡ್ಡಿ ಕಾಣುವುದರಿಂದಲೇ ವೃತ್ತಿಯ ಬೆಳವಣಿಗೆ ನಿಂತುಹೋಗುತ್ತದೆ ಎಂದು ಈ ಶಾಸ್ತ್ರ ಹೇಳುವುದಿಲ್ಲ. ಅಡ್ಡಿ ಕಂಡೂ ಮುಂದೆ ಹೋದವರು ಬೇಕಾದಷ್ಟಿದ್ದಾರೆ. ಡ್ಯಾರೆಲ್ ಲುಜೊ ಮುಂತಾದವರು ಒತ್ತು ಕೊಟ್ಟದ್ದು ಇನ್ನೊಂದು ಪ್ರಶ್ನೆಗೆ: ಈ ಅಡ್ಡಿ ಬಂದರೆ ಇದನ್ನು ನಿಭಾಯಿಸಬಲ್ಲೆ ಎಂಬ ನಂಬಿಕೆ ಇದೆಯೇ? ಇಬ್ಬರೂ "ಇಂಗ್ಲಿಷ್ ಬರುವುದಿಲ್ಲ" ಎಂದು ಬರೆಯಬಹುದು. ಒಬ್ಬನಿಗೆ ಅದು "ಆರು ತಿಂಗಳು ಕಷ್ಟ", ಇನ್ನೊಬ್ಬನಿಗೆ "ಜಾತಕದ ದೋಷ". ಎಲ್ಲ ಅಡ್ಡಿಯನ್ನೂ ಶಾಶ್ವತ, ನನ್ನ ಕೈಮೀರಿದ್ದು ಎಂದು ಓದಿಕೊಳ್ಳುವವನು ವಿಚಾರಿಸುವುದನ್ನೇ ಬಿಡುತ್ತಾನೆ. ವಿಚಾರಿಸದವನಿಗೆ ಮಾಹಿತಿ ಸಿಗುವುದಿಲ್ಲ, ಮಾಹಿತಿ ಇಲ್ಲದವನಿಗೆ ಅಡ್ಡಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಗಾಣದ ಎತ್ತಿನ ಸುತ್ತು.

ಆ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬ್ಯಾಂಡುರಾ ನಾಲ್ಕು ಮೂಲ ಹೇಳಿದ. ಅವುಗಳಲ್ಲಿ ಮಾತಿನ ಉತ್ತೇಜನ ದುರ್ಬಲವಾದದ್ದು, ನಿಮ್ಮ ಶಾಲಿನ ಭಾಷಣಕಾರರು ಕೊಡುವುದು ಅದನ್ನೇ. ಮೈಮನಸ್ಸಿನ ಸ್ಥಿತಿಯೂ ಒಂದು, ಸಂದರ್ಶನದಲ್ಲಿ ಶೇಂಗಾ ಅವರ ನಾಲಗೆ ಒಣಗಿದಂತೆ. ಬಲವಾದದ್ದು ಸ್ವತಃ ಒಂದು ಸಣ್ಣ ಕೆಲಸ ಮಾಡಿ ಗೆದ್ದ ಅನುಭವ. ಅದಕ್ಕೆ ಮುಂದಿನದು ನಮ್ಮಂಥವರೇ ಯಾರೋ ಗೆದ್ದದ್ದನ್ನು ಹತ್ತಿರದಿಂದ ನೋಡುವುದು. ಟಿವಿಯಲ್ಲಿ ಕಾಣುವ ಸಾಧಕನಿಂದ ಪ್ರಯೋಜನ ಕಡಿಮೆ. ಅದೇ ಬಸ್ಸಿನಲ್ಲಿ ಬಂದು ಓದಿದವರು ಬೇಕು.

ಆರ್ಟಿಕಲ್ ಹುಡುಗ

ಬಂದೆ, ಅದೇ ಬಸ್ಸಿನವನು. ಚನ್ನಗಿರಿ ಕಡೆಯ ಬಸ್ಸು, ಅಷ್ಟೇ ವ್ಯತ್ಯಾಸ. ಕನ್ನಡ ಮಾಧ್ಯಮ, ಬಿ.ಕಾಂ., ಈಗ ದಾವಣಗೆರೆಯಲ್ಲೇ ಆಡಿಟರ್ ಒಬ್ಬರ ಬಳಿ ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಆಗಲು ಮಾಡಲೇಬೇಕಾದ ಕಚೇರಿ ತರಬೇತಿ.

ಸ್ಕೇಲಿನ ಅಕ್ಕನಿಗೆ ಹೇಳಿ. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕವಿದ್ದರೆ ಸಿ.ಎ.ಯ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬೇಕಾಗಿಲ್ಲ, ನೇರವಾಗಿ ಎರಡನೆಯ ಹಂತದ ಇಂಟರ್‌ಮೀಡಿಯೆಟ್. ಅಂತಿಮ ವರ್ಷದಲ್ಲಿರುವಾಗಲೇ ತಾತ್ಕಾಲಿಕವಾಗಿ ನೋಂದಾಯಿಸಿಕೊಳ್ಳಬಹುದು. ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿದಿದೆ, ಆ ಅವಧಿಯಲ್ಲಿ ಸ್ಟೈಪೆಂಡ್ ಕೊಡಲೇಬೇಕು. ದೊಡ್ಡ ಮೊತ್ತವಲ್ಲ, ಪೆಟ್ರೋಲಿಗೂ ಊಟಕ್ಕೂ ಸರಿಹೋಗುತ್ತದೆ.

ಇನ್ನು ನಿಜವಾದ ಅಡ್ಡಿ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ. ಇದು ಅನಿಸಿಕೆಯಲ್ಲ, ನಿಯಮ. ಪ್ರತಿ ವಿಷಯದಲ್ಲಿ ಶೇ 40, ವಿಷಯಗಳ ಗುಂಪಿನ ಒಟ್ಟಿನಲ್ಲಿ ಶೇ 50 ಬೇಕು. ಒಂದು ಗುಂಪಿನಲ್ಲಿ ನಾನು ಎರಡು ಸಲ ಮುಗ್ಗರಿಸಿದೆ. ಆದರೆ ಆ ಇಂಗ್ಲಿಷ್ ಸಂದರ್ಶನದ ಇಂಗ್ಲಿಷ್ ಅಲ್ಲ. ಯಾರೂ "ನಿಮ್ಮ ಬಗ್ಗೆ ಹೇಳಿ" ಎನ್ನುವುದಿಲ್ಲ. ಕಾನೂನಿನ ವಿಷಯದಲ್ಲಿ ಅವವೇ ಪದಗಳು ಮತ್ತೆ ಮತ್ತೆ ಬರುತ್ತವೆ. ನಾನು ಲೆಡ್ಜರ್ ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಅರ್ಥ ಬರೆದು ಇಟ್ಟಿದ್ದೇನೆ. ಒಂದೂವರೆ ಪುಸ್ತಕದ ಮೇಲೆ ಹೊಸ ಪದ ಸಿಗುವುದೇ ಕಡಿಮೆಯಾಯಿತು.

ಜಗಳೂರು ಶೇಂಗಾ

ಆ ಒಂದೂವರೆ ಪುಸ್ತಕದ ಫೋಟೋ ಹಾಕಲು ಸಾಧ್ಯವೇ? ರಸಾಯನಶಾಸ್ತ್ರಕ್ಕೂ ಹಾಗೊಂದು ಮಾಡಿ ನೋಡುತ್ತೇನೆ.

ಕೆಂಪು ಶಾಯಿ

ಹನ್ನೊಂದು ದಿನದ ಮೇಲೆ ಬರುತ್ತಿದ್ದೇನೆ. ಆಂತರಿಕ ಮೌಲ್ಯಮಾಪನದ ಗದ್ದಲ.

ಇಲ್ಲಿ ಬಂದದ್ದನ್ನೆಲ್ಲ ಓದಿ ಚೀಟಿಗಳನ್ನು ಮತ್ತೆ ತರಗತಿಗೆ ಒಯ್ದೆ. ಈ ಸಲ ಪ್ರತಿ ಅಡ್ಡಿಯ ಮುಂದೆ "ಯಾರು ಹೇಳಿದರು?" ಎಂದು ಬರೆಸಿದೆ. ಅಷ್ಟೇ ಪ್ರಶ್ನೆ. ತರಗತಿ ಒಂದು ನಿಮಿಷ ಗಪ್ಪಾಯಿತು. ಬಸ್ಸಿನವರು, ಸಾಲದವರು ಥಟ್ಟನೆ ಬರೆದರು, ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಳಿದವರು ಪೆನ್ನು ಕಚ್ಚಿದರು. ಸಿ.ಎ.ಗೆ ಲಕ್ಷಗಟ್ಟಲೆ ಬೇಕು ಎಂದು ಆ ಹುಡುಗಿಗೆ ಹೇಳಿದವರು ಯಾರೆಂದರೆ ಪಕ್ಕದ ಮನೆಯ ಆಂಟಿ, ಅವರಿಗೆ ಹೇಳಿದ್ದು ಅವರ ತಮ್ಮ. ಆ ತಮ್ಮ ಮೊಬೈಲ್ ಅಂಗಡಿ ಇಟ್ಟಿದ್ದಾರಂತೆ.

ಭಟ್ಟಿ ಯಜಮಾನರ ಮಾತು ಕೇಳಿ ಅವಳ ಅಪ್ಪನಿಗೂ ಫೋನ್ ಮಾಡಿದೆ. ಎಪಿಎಂಸಿಯಲ್ಲಿ ಹಮಾಲಿ ಕೆಲಸ. "ಓದಲಿ ಮೇಡಂ, ನಾನೆಲ್ಲಿ ಬೇಡ ಎಂದೆ" ಎಂದರು. ಆಮೇಲೆ ಸ್ವಲ್ಪ ತಡೆದು, "ಆಡಿಟರ್ ಆಫೀಸಿನಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತಾರೆ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹನುಮಂತನೇ ಹಗ್ಗ ತಿನ್ನುವಾಗ ಪೂಜಾರಿ ಶಾವಿಗೆ ಕೇಳಿದನಂತೆ. ವರ್ಷ ವರ್ಷವೂ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವವಳು ಇನ್ನೊಬ್ಬರ ವೃತ್ತಿಗೆ ಭರವಸೆ ಕೊಡುವುದು ಹೇಗೆ? ನಾಳೆ ಇಬ್ಬರೂ ಹೋಗಿ ನೋಡಿ ಬರುತ್ತೇವೆ ಎಂದೆ.

ಹೋದೆವು. ಹಳೆಯ ಕಟ್ಟಡ, ಎರಡನೆಯ ಮಹಡಿ. ಆಡಿಟರ್ ಒಳ್ಳೆಯವರು, ಅವಳ ಪುಸ್ತಕ ನೋಡಿ ಮಾರ್ಜಿನ್ ಹೊಗಳಿದರು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅವಳು ನನ್ನ ಕಿವಿಯಲ್ಲಿ ಕೇಳಿದ್ದು ಇಂಗ್ಲಿಷಿನ ಬಗ್ಗೆಯೂ ಅಲ್ಲ, ದುಡ್ಡಿನ ಬಗ್ಗೆಯೂ ಅಲ್ಲ. "ಮೇಡಂ, ಇಲ್ಲಿ ಲೇಡೀಸ್ ಟಾಯ್ಲೆಟ್ ಕಾಣಲಿಲ್ಲ." ಇರಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ, ಎರಡು ವರ್ಷ. ಚೀಟಿಯಲ್ಲಿ ಈ ಅಡ್ಡಿ ಇರಲಿಲ್ಲ, ಹಳೆ ಪುಸ್ತಕದವರ ಪ್ರಶ್ನಾವಳಿಯಲ್ಲೂ ಇರಲಾರದು. ಮೆಟ್ಟಿಲು ಹತ್ತಿ ನೋಡಿದ ಮೇಲೆಯೇ ಸಿಕ್ಕಿದ್ದು.

ನೋಂದಣಿ ಇನ್ನೂ ಆಗಿಲ್ಲ. ಶುಲ್ಕದ ಮಾತು ಮನೆಯಲ್ಲಿ ನಡೆಯುತ್ತಿದೆ. "ನಾನೇ" ಎಂದು ಬರೆದ ಹುಡುಗ ಯಾರೆಂದು ಇನ್ನೂ ಗೊತ್ತಾಗಿಲ್ಲ, "ಯಾರು ಹೇಳಿದರು" ಎಂಬುದರ ಮುಂದೆ ಅವನು ಖಾಲಿ ಬಿಟ್ಟಿದ್ದಾನೆ.

ಆರ್ಟಿಕಲ್ ಹುಡುಗ ಇದ್ದೀರಾ? ದಾವಣಗೆರೆಯಲ್ಲಿ ಮಹಿಳಾ ಆಡಿಟರ್ ಕಚೇರಿ, ನೆಲಮಹಡಿಯಲ್ಲಿದ್ದರೆ ಇನ್ನೂ ಒಳ್ಳೆಯದು, ಗೊತ್ತಿದ್ದರೆ ಖಾಸಗಿ ಸಂದೇಶದಲ್ಲಿ ತಿಳಿಸಿ.

ಆರ್ಟಿಕಲ್ ಹುಡುಗ

ಇಬ್ಬರು ಗೊತ್ತು ಮೇಡಂ. ಒಬ್ಬರ ಕಚೇರಿಯಲ್ಲಿ ನಮ್ಮ ಹಿರಿಯ ಸಹಪಾಠಿ ಅಕ್ಕ ಇದ್ದಾರೆ, ಹೊನ್ನಾಳಿಯವರು. ಅವರನ್ನೇ ಮೊದಲು ಮಾತಾಡಿಸಿ. ಸೋಮವಾರ ಬೇಡ, ರಿಟರ್ನ್ ಹಾಕುವ ಕೊನೆಯ ದಿನಗಳು, ಯಾರೂ ತಲೆ ಎತ್ತುವುದಿಲ್ಲ. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ.

ಮೂಲೆ ಟೇಬಲ್

ಆರ್ಟಿಕಲ್ ತಮ್ಮ, ಆ ಕಚೇರಿಗಳಲ್ಲಿ ಬರೀ ಟ್ಯಾಲಿ ಗೊತ್ತಿರುವ, ಸಿ.ಎ. ಮಾಡದ ಲೆಕ್ಕಿಗರನ್ನೂ ತೆಗೆದುಕೊಳ್ಳುತ್ತಾರೆಯೇ? ವಯಸ್ಸಿನ ಮಿತಿ ಏನಾದರೂ ಇದೆಯೇ?

ಆರ್ಟಿಕಲ್ ಹುಡುಗ

ಮಿತಿ ಗಿತಿ ಏನಿಲ್ಲ ಅಣ್ಣ. ನೀವೂ ಬುಧವಾರವೇ ಬನ್ನಿ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಬೇಕು, ಹೊಸದನ್ನು ಹಾಕಿಕೊಂಡು ಬರಬೇಡಿ.